ಖಡಕ್ಕಕ್ಕನ ಕುರ್ಚಿ

ಸೋಮವಾರ ಬೆಳಿಗ್ಗೆ ಖಡಕ್ಕಕ್ಕ ಕೆಲಸಕ್ಕೆ ಬರುವ ಹೊತ್ತಿಗೆ ಆಫೀಸಿನ ಕುರ್ಚಿಗಳೆಲ್ಲ ಬಾಗಿಲ ಮುಂದಿನ ಲಾರಿಯಲ್ಲಿ ಕಾಲು ಮೇಲೆ ಮಾಡಿಕೊಂಡು ಒಂದರ ಮೇಲೊಂದು ಬಿದ್ದಿದ್ದವು. ತನ್ನದು ಯಾವುದು ಎಂದು ಅವಳಿಗೆ ದೂರದಿಂದಲೇ ಗೊತ್ತಾಯಿತು. ಮನೆಯಿಂದ ತಂದು ಕಟ್ಟಿದ್ದ ಹಸಿರು ದಿಂಬು ಅದರ ಬೆನ್ನಿಗೆ ಇನ್ನೂ ನೇತಾಡುತ್ತಿತ್ತು.

"ಅದನ್ನ ಕೆಳಗಿಳ್ಸಿ," ಎಂದಳು ಲಾರಿಯವನಿಗೆ.

"ಎಲ್ಲಾ ತಗೊಂಡೋಗಿ ಅಂತ ಮ್ಯಾನೇಜರ್ ಹೇಳಿದಾರಮ್ಮ."

"ದಿಂಬು ಮ್ಯಾನೇಜರ್ ಮನೇದಲ್ಲ. ನಂದು. ಬಿಚ್ಚಿ ಕೊಡಿ."

ಲಾರಿಯವನು ಬಿಚ್ಚಿ ಕೊಟ್ಟ. ಅವಳು ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲು ಹತ್ತಿದಳು. ಯಾರ ಮೇಲೆ ಮೊದಲು ಎಗರಬೇಕು ಎಂದು ಹತ್ತುವಾಗಲೇ ತೀರ್ಮಾನವಾಗಿತ್ತು.

ಖಡಕ್ಕಕ್ಕ ಎಂಬ ಹೆಸರು ಅವಳಿಗೆ ಆಫೀಸಿನವರು ಇಟ್ಟದ್ದು. ಫ್ರಿಜ್ಜು, ಬಟ್ಟೆ ಒಗೆಯುವ ಮಷೀನು ರಿಪೇರಿ ಮಾಡಿಕೊಡುವ ಕಂಪನಿಯಲ್ಲಿ ದೂರು ಹೇಳಲು ಫೋನ್ ಮಾಡುವವರಿಗೆ ಉತ್ತರ ಕೊಡುವುದು ಅವಳ ಕೆಲಸ. ಕೂಗಾಡುವವರನ್ನು ಒಂದೇ ಮಾತಿಗೆ ತಣ್ಣಗಾಗಿಸುತ್ತಿದ್ದಳು. "ನೀವು ಕೂಗಿದ್ರೆ ಫ್ರಿಜ್ ತಣ್ಣಗಾಗುತ್ತಾ ಸ್ವಾಮಿ? ಮೆಲ್ಲಗೆ ಹೇಳಿ, ನಾಳೆ ಬೆಳಿಗ್ಗೆ ಜನ ಬರ್ತಾರೆ." ಆಮೇಲೆ ಜನ ನಿಜವಾಗಿಯೂ ಹೋಗುತ್ತಿದ್ದರು, ಏಕೆಂದರೆ ಹೋಗದಿದ್ದರೆ ರಿಪೇರಿಯವರ ಕಿವಿ ಹಿಂಡುವವಳೂ ಅವಳೇ.

ಆ ಕೆಲಸಕ್ಕೆ ಮೊದಲು ಹರೆಯವೆಲ್ಲ ಅವಳು ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ನಿಂತಿದ್ದಳು. ಈ 'ನಿಂತಿದ್ದಳು' ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಗಿರಾಕಿ ಬರಲಿ ಬಿಡಲಿ, ಅಲ್ಲಿ ಕೆಲಸದ ಹೆಂಗಸರು ಕೂರುವ ಹಾಗಿರಲಿಲ್ಲ. ಕಪಾಟಿಗೆ ಒರಗಿದರೂ ಧಣಿ ಗಂಟಲು ಕೆರೆಯುತ್ತಿದ್ದ. ಅವನು ಮಾತ್ರ ಗಲ್ಲಾಪೆಟ್ಟಿಗೆಯ ಹಿಂದೆ ಎತ್ತರದ ಮೆತ್ತೆಯ ಮೇಲೆ ಕೂತು, ಯಾರ ಮೊಣಕಾಲು ಬಾಗುತ್ತದೆ ಎಂದು ಕಾಯುತ್ತಿದ್ದ. ಮಗಳು ಹೊಟ್ಟೆಯಲ್ಲಿದ್ದಾಗ ಅವಳೊಮ್ಮೆ ಸ್ಟೂಲು ಕೇಳಿದಳು. ಡಾಕ್ಟರ ಚೀಟಿ ತಾ ಎಂದ. ತಂದಳು. ಸ್ಟೂಲು ಸಿಕ್ಕಿತು. ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಧಣಿ ಎಲ್ಲರಿಗೂ ಕೇಳುವಂತೆ, "ಏನ್ರಪ್ಪಾ, ಮಹಾರಾಣಿಯವರು ಕೂತ್ರಾ? ಹಾಗಾದ್ರೆ ಅಂಗಡಿ ಶುರು ಮಾಡೋಣ," ಎನ್ನುತ್ತಿದ್ದ. ಅಕ್ಕಪಕ್ಕ ನಿಂತವರು ಮೊದಮೊದಲು ಬೇಸರದಿಂದ ತಲೆ ತಗ್ಗಿಸಿದರು. ಆಮೇಲೆ ನಕ್ಕರು. ಕೊನೆಗೆ, ಇವಳೊಬ್ಬಳಿಗೆ ಏನು ಹೆಚ್ಚುಗಾರಿಕೆ ಎಂದು ಮಾತು ಬಿಟ್ಟರು. ಹೆರಿಗೆಗೆ ಹೋಗುವ ಮೊದಲೇ ಅವಳು ಸ್ಟೂಲನ್ನು ಕಾಲಿನಿಂದ ತಳ್ಳಿ ಮತ್ತೆ ನಿಂತುಕೊಂಡಳು.

ಹಾಗೆ ನಿಂತು ನಿಂತು ಮೊಣಕಾಲಿನ ಕೆಳಗೆ ನೀಲಿ ನರಗಳು ಹಗ್ಗ ಹೊಸೆದ ಹಾಗೆ ಉಬ್ಬಿಕೊಂಡವು. ಸಂಜೆ ಮನೆಗೆ ಬಂದವಳೇ ನೆಲಕ್ಕೆ ಬೆನ್ನು ಕೊಟ್ಟು ಮಲಗಿ, ಕಾಲೆರಡನ್ನೂ ಗೋಡೆಗೆ ಆನಿಸಿ ಮೇಲೆತ್ತಿಕೊಳ್ಳುತ್ತಿದ್ದಳು. ಅಡುಗೆ, ಮಗಳ ಪಾಠ, ಜಗಳ ಎಲ್ಲ ಆಮೇಲೆ.

ಜಗಳ ಗಂಡನ ಜೊತೆ. ಅವನು ಬಸ್ ಡ್ರೈವರಾಗಿದ್ದ. ಕೆಲಸದಲ್ಲಿದ್ದಷ್ಟು ಕಾಲವೂ ಕೂತೇ ಇದ್ದವನು. ಸೊಂಟ ಹಿಡಿದುಕೊಂಡು, ಹೊಟ್ಟೆ ಮುಂದಕ್ಕೆ ಬಂದು, ಈಗ ಮನೆಯಲ್ಲಿ ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದ. ಯಾರ ಕಷ್ಟ ದೊಡ್ಡದು ಎಂಬ ವಿಷಯದಲ್ಲಿ ಆ ಮನೆಯಲ್ಲಿ ಒಂದು ದಿನವೂ ರಾಜಿಯಾಗಿರಲಿಲ್ಲ.

"ರೀ, ಕೂತ್ಕೊಂಡು ಸಂಬಳ ತಗೊಂಡವರು ನೀವು. ಬಾಯಿ ಮುಚ್ಚಿ."

"ಕೂತಿದ್ನಾ? ರಸ್ತೆ ಗುಂಡಿ ಗುಂಡೀಲೂ ಬೆನ್ನುಮೂಳೆ ತಲೆಗೆ ಹೊಡೀತಿತ್ತು ಕಣೇ. ನಿಂಗೇನು ಗೊತ್ತು ಕೂತವನ ಕಷ್ಟ!"

"ಹಾಗಾದ್ರೆ ಬದಲಾಯ್ಸ್ಕೊಳ್ಳೋಣ. ನಾನು ಬಸ್ ಓಡಿಸ್ತೀನಿ, ನೀವು ಹೋಗಿ ಬಟ್ಟೆ ಹರವಿ."

ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಅವಳ ಹಳೆಯ ಗಿರಾಕಿಯೊಬ್ಬರು ಈ ರಿಪೇರಿ ಕಂಪನಿಗೆ ಸೇರಿಸಿದ್ದರು. ಮೊದಲ ದಿನ ಅಲ್ಲಿ ಚಕ್ರವಿರುವ ಕುರ್ಚಿ ತೋರಿಸಿ ಕೂರಿ ಎಂದಾಗ, ಇವರು ಪರೀಕ್ಷೆ ಮಾಡುತ್ತಿದ್ದಾರೋ ಏನೋ ಎಂದು ಅವಳು ಕೂರಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ಕೂತಳು. ಕೂತವಳು ಮತ್ತೆ ಏಳಲೇ ಇಲ್ಲ ಎಂದರೂ ತಪ್ಪಿಲ್ಲ. ನೀರು ಬೇಕಾದರೆ ಏಳುವವರ ಕೈಗೆ ಬಾಟಲಿ ಕೊಡುತ್ತಿದ್ದಳು. ಊಟದ ಡಬ್ಬಿಯನ್ನು ಮೇಜಿನ ಮೇಲೆಯೇ ಬಿಚ್ಚುತ್ತಿದ್ದಳು. ಅತ್ತಿತ್ತ ಹೋಗಬೇಕಾದರೆ ಕುರ್ಚಿಯ ಸಮೇತ ಉರುಳಿಕೊಂಡು ಹೋಗುತ್ತಿದ್ದಳು. ಮೈ ಬಂತು. ಮೆಟ್ಟಿಲು ಹತ್ತಿದರೆ ಏದುಸಿರು. "ಸ್ವಲ್ಪ ಓಡಾಡೇ, ನನ್ನ ಹಾಗೇ ಆಗ್ತೀಯ," ಎಂದ ಗಂಡನಿಗೆ, "ನಿಂತ ಬಾಕಿ ತೀರಿಸ್ತಿದೀನಿ," ಎಂದಳು.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದ. ಬೆತ್ತದ ಹಾಗೆ ನೆಟ್ಟಗಿನ ಮನುಷ್ಯ. ಹಿಂದೊಮ್ಮೆ ಬೆನ್ನಿನ ಆಪರೇಷನ್ ಆಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದನಂತೆ. ಎದ್ದ ಮೇಲೆ ನಿಂತೇ ಕೆಲಸ ಮಾಡುವ ಅಭ್ಯಾಸ ಮಾಡಿಕೊಂಡು, ನೋವು ಹೋಗಿ, ಈಗ ಕೂತವರನ್ನು ಕಂಡರೆ ಮುಳುಗುತ್ತಿರುವವರನ್ನು ಕಂಡಂತೆ ಆಡುತ್ತಿದ್ದ. ಬಂದ ಕೆಲವೇ ದಿನಗಳಲ್ಲಿ ಹೊಸ ಮೇಜುಗಳನ್ನು ತರಿಸಿದ. ಬಟನ್ ಒತ್ತಿದರೆ ಎದೆಯ ಮಟ್ಟಕ್ಕೆ ಏರುತ್ತವೆ, ಇನ್ನೊಂದು ಒತ್ತಿದರೆ ಇಳಿಯುತ್ತವೆ.

"ಕೂರೋದೂ ಸಿಗರೇಟು ಸೇದೋದೂ ಒಂದೇ," ಎಂದು ಎಲ್ಲರನ್ನೂ ಸೇರಿಸಿ ಹೇಳಿದ. "ನಿಂತು ಕೆಲಸ ಮಾಡಿ. ಹೃದಯಕ್ಕೆ ಒಳ್ಳೇದು, ಬೆನ್ನಿಗೆ ಒಳ್ಳೇದು, ತೂಕ ಇಳಿಯುತ್ತೆ."

"ಹಾಗಾದ್ರೆ ನಮ್ಮ ಬಟ್ಟೆ ಅಂಗಡಿಯವರೆಲ್ಲಾ ಪೈಲ್ವಾನ್ ಆಗ್ಬೇಕಿತ್ತು," ಎಂದಳು ಖಡಕ್ಕಕ್ಕ. ಎಲ್ಲರೂ ನಕ್ಕರು. ಮ್ಯಾನೇಜರ್ ನಗಲಿಲ್ಲ. ಇಬ್ಬರಿಗೂ ಹಗೆ ಹುಟ್ಟಿದ್ದು ಅಂದೇ.

ನಾಲ್ಕು ದಿನ ಎಲ್ಲರೂ ಮೇಜನ್ನು ಏರಿಸಿ ಇಳಿಸಿ ಆಟವಾಡಿದರು. ಆಮೇಲೆ ಕೆಳಗಿಳಿಸಿ ಹಾಗೇ ಬಿಟ್ಟರು. ಮ್ಯಾನೇಜರ್ ಬುದ್ಧಿ ಹೇಳಿ ನೋಡಿದ, ಗೋಡೆಗೆ ಚಿತ್ರ ಅಂಟಿಸಿ ನೋಡಿದ, ಸಾಲುಗಳ ನಡುವೆ ಓಡಾಡಿ ದುರುಗುಟ್ಟಿಕೊಂಡು ನೋಡಿದ. ಕೊನೆಗೆ ಒಂದು ಭಾನುವಾರ ಯಾರೂ ಇಲ್ಲದಾಗ ಎಲ್ಲ ಮೇಜುಗಳನ್ನೂ ಮೇಲಕ್ಕೇರಿಸಿ, ಬಟನ್ನುಗಳನ್ನೆಲ್ಲ ಬಿಚ್ಚಿಸಿ ತನ್ನ ಡ್ರಾಯರಿಗೆ ಹಾಕಿ ಬೀಗ ಹಾಕಿದ. ಮರುದಿನ ಬೆಳಿಗ್ಗೆ ಲಾರಿ ಬಂತು.

ದಿಂಬು ಹಿಡಿದುಕೊಂಡು ಅವಳು ನೇರವಾಗಿ ಅವನ ಕೋಣೆಗೆ ನುಗ್ಗಿದಳು.

"ನನ್ನ ಕುರ್ಚಿ ಎಲ್ಲಿ?"

"ಕೂತ್..." ಎಂದು ಬಾಯಿಗೆ ಬಂದದ್ದನ್ನು ಅವನು ನುಂಗಿಕೊಂಡ. ಆ ಕೋಣೆಯಲ್ಲೂ ಕುರ್ಚಿ ಇರಲಿಲ್ಲ. "ನೋಡಿ ಮೇಡಂ, ಇದು ನಿಮ್ಮೆಲ್ಲರ ಒಳ್ಳೇದಕ್ಕೇ. ನಿಜವಾಗ್ಲೂ ತೊಂದರೆ ಇರೋರು ಡಾಕ್ಟರ್ ಹತ್ರ ಒಂದು ಚೀಟಿ ತನ್ನಿ. ಮೂಲೇಲಿ ನಾಲ್ಕು ಕುರ್ಚಿ ಇಟ್ಟಿದೀನಿ. ಯಾರಿಗೂ ಅನ್ಯಾಯ ಮಾಡಲ್ಲ."

ಚೀಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಕೆಂಡವಾಯಿತು.

"ಕೂರೋದಕ್ಕೆ ಚೀಟಿ ಬೇಕಾ? ಉಸಿರಾಡೋದಕ್ಕೆ ಯಾವಾಗಿಂದ?"

"ಒಂದು ಚೀಟಿ ತರೋದು ಅಷ್ಟು ಕಷ್ಟಾನಾ?"

"ಕಷ್ಟ ಇಲ್ಲ. ತರಲ್ಲ ಅಷ್ಟೇ."

ಅವಳ ಕಾಲು ನೋಡಿದ ಯಾವ ಡಾಕ್ಟರಾದರೂ ಕೇಳುವ ಮೊದಲೇ ಬರೆದುಕೊಡುತ್ತಿದ್ದರು. ಅದು ಅವಳಿಗೂ ಗೊತ್ತು. ಆದರೆ ಉದ್ದನೆಯ ಉಡುಪಿನ ಕೆಳಗೆ ಆ ನರಗಳು ಯಾರಿಗೂ ಕಾಣುತ್ತಿರಲಿಲ್ಲ, ತೋರಿಸುವ ಮನಸ್ಸು ಅವಳಿಗೂ ಇರಲಿಲ್ಲ.

ತನ್ನ ಜಾಗಕ್ಕೆ ಬಂದವಳೇ ಮೇಜಿನ ಕೆಳಗೆ ದಿಂಬು ಹಾಕಿ, ನೆಲದ ಮೇಲೆ ಕಾಲು ಚಾಚಿ ಕೂತಳು. ಫೋನಿನ ವೈರನ್ನು ಎಳೆದು ಕೆಳಗೆ ತಂದುಕೊಂಡಳು. "ಹೇಳಿ, ಮಷೀನು ತಿರುಗ್ತಾ ಇಲ್ವಾ? ಸದ್ದಾದ್ರೂ ಬರುತ್ತಾ?" ಎಂದು ಮೇಜಿನ ಅಡಿಯಿಂದ ಅವಳ ದನಿ ಬರತೊಡಗಿದಾಗ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಎರಡು ದಿನ ಅವಳು ಆ ನಗುವಿನ ಮೇಲೆಯೇ ಬದುಕಿದಳು. ಮೂರನೆಯ ದಿನ ಹೊರಗಿನವರು ಯಾರೋ ಆಫೀಸು ನೋಡಲು ಬಂದರು. ಅವರ ಬೂಟಿಗೆ ಅವಳ ಕಾಲು ತಾಗಿ ಅವರು ಮುಗ್ಗರಿಸಿದರು. ಮ್ಯಾನೇಜರ್ ಬಗ್ಗಿ ಮೇಜಿನಡಿಗೆ ಮುಖ ತಂದ.

"ಎದ್ದೇಳಿ. ಇಲ್ದಿದ್ರೆ ನಾಳೆಯಿಂದ ಬರ್ಬೇಡಿ."

ಅವಳು ಎದ್ದಳು. ಮಗಳ ಓದು ಇನ್ನೂ ಮುಗಿದಿರಲಿಲ್ಲ. ಮನೆಯಲ್ಲಿ ಗೋಡೆ ಹಿಡಿದು ಓಡಾಡುವ ಗಂಡ. ಎದ್ದು ನಿಂತು, ದಿಂಬನ್ನು ಕಾಲಿನಿಂದ ಒದ್ದು ಗೋಡೆಗೆ ಸರಿಸಿ, ಫೋನನ್ನು ಮತ್ತೆ ಮೇಜಿನ ಮೇಲಿಟ್ಟಳು.

ಎಲ್ಲರೂ ತನ್ನ ಬೆನ್ನಿಗೆ ನಿಲ್ಲುತ್ತಾರೆ ಎಂದುಕೊಂಡಿದ್ದಳು. ಅವರು ಒಬ್ಬೊಬ್ಬರಾಗಿ ಚೀಟಿ ತಂದು ಮೂಲೆಯ ಕುರ್ಚಿ ಹಿಡಿದರು. ಕುರ್ಚಿ ಸಿಗದವರು ಮೇಜಿಗೆ ಮೊಣಕೈಯೂರಿ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತ ಹೊಂದಿಕೊಂಡರು. ಎಲ್ಲಕ್ಕಿಂತ ಹೆಚ್ಚು ಉರಿಸಿದವನು ಪಕ್ಕದ ಮೇಜಿನ ಬಿಲ್ಲಣ್ಣ. ಬಿಲ್ಲು ಕಳಿಸುವ ಕೆಲಸದವನಾದ್ದರಿಂದ ಆ ಹೆಸರು. ಅವನಿಗೆ ಹಳೆಯ ಬೆನ್ನುನೋವು.

"ನಂಗಂತೂ ಆರಾಮಾಗಿದೆ ಅಕ್ಕ," ಎಂದ ಒಂದು ದಿನ, ಅವಳು ಕೇಳದಿದ್ದರೂ. "ಸಂಜೆ ಹೊತ್ತಿಗೆ ಬೆನ್ನು ಹಿಡ್ಕೋತಿತ್ತಲ್ಲ, ಈಗ ಇಲ್ಲ."

"ಮ್ಯಾನೇಜರ್ ಹೇಳಿಕೊಟ್ಟಿದ್ದಾ?"

"ಯಾರು ಯಾಕೆ ಹೇಳಿಕೊಡ್ತಾರೆ? ನನ್ನ ಬೆನ್ನು, ನಂಗೆ ಗೊತ್ತಿಲ್ವಾ? ನಿಮ್ಮನ್ನ ಸಮಾಧಾನ ಮಾಡಕ್ಕೆ ಸುಳ್ಳು ಹೇಳಲಾ?"

"ನಿನ್ನ ಬೆನ್ನಿಗೆ ಬೆಣ್ಣೆ ಹಚ್ಚಿಕೊಂಡು ಕುಣಿ," ಎಂದು ಮುಖ ತಿರುಗಿಸಿದಳು. ಅಂದಿನಿಂದ ಅವನ ಜೊತೆಗೂ ಮಾತು ಬಿಟ್ಟಳು. ಅವನು ಹೇಳಿದ್ದು ನಿಜವಿರಬಹುದು ಎಂಬುದೇ ಅವಳ ಸಿಟ್ಟಿಗೆ ಕಾರಣ. ಸುಳ್ಳಾಗಿದ್ದರೆ ಬೈದು ಮುಗಿಸಬಹುದಿತ್ತು.

ಮನೆಯಲ್ಲಿ ಕಾಲು ಮತ್ತೆ ಗೋಡೆ ಏರಿತು. ಎಡಗಾಲಿನ ಕಣಕಾಲಿನ ಹತ್ತಿರ ಒಂದು ನರ ದ್ರಾಕ್ಷಿಯಂತೆ ಉಬ್ಬಿ, ಮೇಲಿನ ಚರ್ಮ ತೆಳ್ಳಗಾಗಿ ಕಪ್ಪಗೆ ಹೊಳೆಯುತ್ತಿತ್ತು.

"ಆ ಚೀಟಿ ಒಂದು ತಂದು ಬಿಸಾಕಬಾರದಾ?" ಎಂದ ಗಂಡ. "ಹಟ ಮಾಡಿ ಏನು ಸಿಗುತ್ತೆ?"

"ನಿಮಗೆ ಗೊತ್ತಾಗಲ್ಲ. ನೀವು ಕೂತವರು."

"ಕೂತವನು ಕೂತವನು ಅಂತ ಎಷ್ಟು ಸಲ ಹೇಳ್ತೀಯ? ಕೂತು ನಾನು ಯಾವ ಸುಖ ಕಂಡೆ ಹೇಳು. ಗೋಡೆ ಇಲ್ದಿದ್ರೆ ಬಚ್ಚಲಿಗೆ ಹೋಗಕ್ಕಾಗಲ್ಲ ನಂಗೆ!" ಅವಳು ಕೇಳಿಸದವಳಂತೆ ಕಣ್ಣು ಮುಚ್ಚಿಕೊಂಡಳು. ಅಂದು ಇಬ್ಬರೂ ಬೇರೆ ಬೇರೆ ಊಟ ಮಾಡಿದರು.

ಆ ವಾರದಲ್ಲೇ ಒಂದು ಮಧ್ಯಾಹ್ನ ಅದು ಆದದ್ದು. ಅವಳು ಒಬ್ಬ ಗಿರಾಕಿಯ ಜೊತೆ ಮಾತಾಡುತ್ತಿದ್ದಳು. ಅವನ ಮಷೀನಿನ ಬಾಗಿಲು ತೆರೆದುಕೊಂಡು ಮನೆಯೆಲ್ಲ ನೀರಾಗಿತ್ತು, ಅವನು ಹಾರಾಡುತ್ತಿದ್ದ. ಅವಳ ಪಾದಕ್ಕೆ ಬೆಚ್ಚಗೆ ಏನೋ ತಾಗಿತು. ನೀರಿನ ಬಾಟಲಿ ಉರುಳಿರಬೇಕು ಎಂದುಕೊಂಡು ಕಾಲು ಸರಿಸಿದಳು. ಚಪ್ಪಲಿ ಪಚಪಚ ಎಂದಿತು. ನೋವೇನೂ ಇರಲಿಲ್ಲ.

"ಅಕ್ಕಾ!" ಎಂದು ಚೀರಿದವನು ಅವಳು ಮಾತು ಬಿಟ್ಟಿದ್ದ ಬಿಲ್ಲಣ್ಣ. "ರಕ್ತ!"

ಅವಳು ಬಗ್ಗಿ ನೋಡಿದಳು. ಕಣಕಾಲಿನಿಂದ ರಕ್ತ ಸಣ್ಣ ಧಾರೆಯಾಗಿ ಚಿಮ್ಮಿ, ನೆಲದ ಮೇಲೆ ಅಗಲವಾಗಿ ಹರಡಿತ್ತು. "ಒಂದ್ನಿಮಿಷ ಸ್ವಾಮಿ," ಎಂದು ಫೋನಿಗೆ ಹೇಳಿದಳು. ಅಷ್ಟರಲ್ಲಿ ಕೋಣೆ ಗಿರ್ರನೆ ತಿರುಗಿತು.

ಎಲ್ಲರೂ ಕೈ ಬಾಯಿಗಿಟ್ಟುಕೊಂಡು ಹಿಂದೆ ಸರಿದಾಗ ಓಡಿ ಬಂದವನು ಮ್ಯಾನೇಜರ್. ಅವಳ ಭುಜ ಹಿಡಿದು ನೆಲಕ್ಕೆ ಮಲಗಿಸಿ, ಕಾಲೆತ್ತಿ ತನ್ನ ಹೆಗಲ ಮೇಲಿಟ್ಟುಕೊಂಡು, ಕರವಸ್ತ್ರ ಮಡಿಸಿ ನರದ ಮೇಲೆ ಬಲವಾಗಿ ಒತ್ತಿ ಹಿಡಿದ. ಬಿಳಿ ಅಂಗಿಯ ತೋಳು ಮೊಣಕೈಯವರೆಗೂ ಕೆಂಪಾಯಿತು. ಉಡುಪು ಜಾರಿ, ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಕಾಲನ್ನು ಇಡೀ ಆಫೀಸು ನೋಡಿತು. ಅವನೂ ನೋಡಿದ. ಅವನ ಮುಖದ ಬಣ್ಣ ಹೋಯಿತು.

"ಕೈ ತೆಗೀರಿ," ಎಂದಳು ಅವಳು ಹಲ್ಲು ಕಡಿದು.

"ಸುಮ್ನಿರಿ ಮೇಡಂ. ರಕ್ತ ನಿಲ್ಲಿಸ್ಬೇಕು."

"ನಿಲ್ಸೋದು ಬಿಟ್ರೆ ನಿಮಗೆ ಬೇರೆ ಏನೂ ಬರಲ್ವಾ?"

ಯಾರೋ ಕಿಸಕ್ಕೆಂದು ನಕ್ಕು, ನಕ್ಕದ್ದಕ್ಕೆ ತಾವೇ ಹೆದರಿ ಸುಮ್ಮನಾದರು. ಅವನು ಮಾತ್ರ ಆಂಬುಲೆನ್ಸ್ ಬರುವ ತನಕ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ ಮಲಗಿಸಿದ ಮೇಲೆ ಡಾಕ್ಟರಮ್ಮ ಬಂದರು. ಮಂಚದ ಒಂದು ಕಡೆ ಗಂಡ, ಇನ್ನೊಂದು ಕಡೆ ರಕ್ತದ ಅಂಗಿಯಲ್ಲೇ ಮ್ಯಾನೇಜರ್.

"ಡಾಕ್ಟ್ರೇ, ಇದು ನಿಂತಿದ್ದರಿಂದಲೇ ಆಗಿದ್ದು ಅಲ್ವಾ? ಆ ಮನುಷ್ಯನ ಮುಖ ನೋಡಿ ಹೇಳಿ," ಎಂದಳು ಖಡಕ್ಕಕ್ಕ.

"ನಿಂತು ನಿಂತು ನರ ಹಾಳಾಗಿದೆ, ಈಗ ಮತ್ತೆ ನಿಂತಿದ್ದು ಅದನ್ನ ಒಡೀತು. ನಿಮ್ಮ ಕಾಲಿಗೆ ಇದು ವಿಷ," ಎಂದರು ಡಾಕ್ಟರಮ್ಮ.

ಅವಳು ಗೆದ್ದವಳಂತೆ ದಿಂಬಿಗೆ ತಲೆ ಇಟ್ಟಳು.

"ಆದ್ರೆ ದಿನವಿಡೀ ಕೂರೋದೂ ಒಳ್ಳೇದಲ್ಲ ತಾನೆ?" ಎಂದ ಮ್ಯಾನೇಜರ್ ಮೆಲ್ಲಗೆ.

"ಖಂಡಿತ ಅಲ್ಲ. ಇವರ ರಕ್ತದಲ್ಲಿ ಸಕ್ಕರೆ ಏರಿದೆ. ಕೂತೇ ಇದ್ರೂ ಕಾಲಲ್ಲಿ ರಕ್ತ ಮಡುಗಟ್ಟುತ್ತೆ."

ಈಗ ಗೆದ್ದ ಮುಖ ಗಂಡನದು. "ಕೇಳಿಸ್ತಾ?" ಎಂದ.

"ಹಾಗಾದ್ರೆ ನಿಲ್ಲೋ ಮೇಜೇ..." ಎಂದು ಮ್ಯಾನೇಜರ್ ಶುರು ಮಾಡುತ್ತಿದ್ದಂತೆ ಡಾಕ್ಟರಮ್ಮನಿಗೆ ರೇಗಿತು.

"ನೀವಿಬ್ಬರೂ ಜಗಳ ಆಡೋದಕ್ಕೆ ನನ್ನನ್ನ ಸಾಕ್ಷಿ ಮಾಡ್ಕೋಬೇಡಿ. ಸುಮ್ನೆ ನಿಂತ್ರೆ ಅದು ವ್ಯಾಯಾಮ ಅಲ್ಲ, ತೂಕಾನೂ ಇಳಿಯಲ್ಲ. ಕೆಲವರ ಬೆನ್ನಿಗೆ ಆರಾಮ ಸಿಗುತ್ತೆ, ಕೆಲವರ ಕಾಲು ಹೋಗುತ್ತೆ. ಮನುಷ್ಯನ ಮೈ ಒಂದೇ ಕಡೆ ಕಂಬದ ಹಾಗೆ ಇರೋದಕ್ಕೂ ಅಲ್ಲ, ಮೂಟೆ ಹಾಗೆ ಬಿದ್ದಿರೋದಕ್ಕೂ ಅಲ್ಲ. ಕೂರ್ಬೇಕು, ಏಳ್ಬೇಕು, ನಾಲ್ಕು ಹೆಜ್ಜೆ ಹಾಕ್ಬೇಕು, ಬೇಕಂದಾಗ ಮತ್ತೆ ಕೂರ್ಬೇಕು. ಇಷ್ಟಕ್ಕೆ ಇಷ್ಟೊಂದು ರಕ್ತ ಚೆಲ್ಲಬೇಕಿತ್ತಾ?"

ಮೂವರೂ ಪೆಟ್ಟು ತಿಂದ ಮಕ್ಕಳಂತೆ ಬೇರೆ ಬೇರೆ ಕಡೆ ನೋಡಿದರು.

ಆಪರೇಷನ್ ಆಗಿ, ಮನೆಯಲ್ಲಿ ಸುಧಾರಿಸಿಕೊಂಡು, ತೊಡೆಯವರೆಗೆ ಬಿಗಿಯಾದ ಕಾಲುಚೀಲ ಹಾಕಿಕೊಂಡು ಅವಳು ಮತ್ತೆ ಕೆಲಸಕ್ಕೆ ಹೋದಾಗ ಆಫೀಸಿನಲ್ಲಿ ಎಲ್ಲ ಮೇಜಿನ ಹಿಂದೆಯೂ ಕುರ್ಚಿಗಳಿದ್ದವು. ಬಟನ್ನುಗಳೂ ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ಕಂಪನಿಯವರೇ ಹೀಗೆ ತೀರ್ಮಾನ ಮಾಡಿದರು ಎಂದು ಮ್ಯಾನೇಜರ್ ಎಲ್ಲರಿಗೂ ತಿಳಿಸಿದ್ದನಂತೆ. ತಾನು ತಪ್ಪು ಮಾಡಿದೆ ಎಂಬ ಒಂದು ಮಾತೂ ಅದರಲ್ಲಿ ಇರಲಿಲ್ಲವೆಂದು ಬಿಲ್ಲಣ್ಣ ಹೇಳಿದ. ಬಿಲ್ಲಣ್ಣನ ಜೊತೆ ಈಗ ಮಾತಿತ್ತು. ಆಸ್ಪತ್ರೆಗೆ ದಿನಾ ಬಂದು ತಲೆ ತಿಂದಿದ್ದ.

ಅವಳು ಮ್ಯಾನೇಜರನ ಕೋಣೆಯ ಬಾಗಿಲಲ್ಲಿ ನಿಂತಳು.

"ನನ್ನ ಹತ್ರ ಏನಾದ್ರೂ ಹೇಳೋದಿದ್ಯಾ ನಿಮಗೆ?"

ಅವನು ಕಾಗದಗಳನ್ನು ಸರಿಸಿದ. "ಒಂದು ಚೀಟಿ ತಂದಿದ್ರೆ ಇದೆಲ್ಲಾ ಆಗ್ತಾನೇ ಇರ್ಲಿಲ್ಲ ಮೇಡಂ."

"ಬಟನ್ ಕಿತ್ಕೊಳ್ದೇ ಇದ್ದಿದ್ರೂ ಆಗ್ತಿರ್ಲಿಲ್ಲ."

"ನಾನು ಒಳ್ಳೇದಕ್ಕೇ ಮಾಡಿದ್ದು. ತಿಂಗಳುಗಟ್ಟಲೆ ಹಾಸಿಗೇಲಿ ಬಿದ್ದಿದ್ದವನು ನಾನು. ಬೇರೆಯವರಿಗೆ ಹಾಗಾಗ್ಬಾರ್ದು ಅಂತ..."

"ಒಳ್ಳೇದಾಗಿದ್ದು ನಿಮ್ಮ ಬೆನ್ನಿಗೆ. ನನ್ನ ಕಾಲನ್ನ ಯಾರು ಕೇಳಿದ್ರು?"

ಅವನು ಕಿಟಕಿಯ ಕಡೆ ತಿರುಗಿಕೊಂಡ. ಕ್ಷಮೆ ಎಂಬ ಮಾತು ಅವನ ಗಂಟಲವರೆಗೆ ಬಂದಿತ್ತೋ ಏನೋ, ಹೊರಗಂತೂ ಬರಲಿಲ್ಲ. ರಕ್ತ ನಿಲ್ಲಿಸಿದ್ದಕ್ಕೆ ಒಂದು ಮಾತು ಹೇಳಬೇಕೆಂದು ಅವಳೂ ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದಳು. ಅವನ ಬೆನ್ನು ನೋಡಿದ ಮೇಲೆ ಅದನ್ನು ಅವಳೂ ನುಂಗಿಕೊಂಡಳು.

ಆದರೆ ಡಾಕ್ಟರಮ್ಮನ ಮಾತನ್ನು ನುಂಗಿಕೊಳ್ಳುವ ಹಾಗಿರಲಿಲ್ಲ. ಕೂತು ಬೇಸರವಾದರೆ ಏಳಬೇಕು, ಸ್ವಲ್ಪ ನಿಲ್ಲಬೇಕು, ನಾಲ್ಕು ಹೆಜ್ಜೆ ಹಾಕಬೇಕು. ಅವಳಿಗೆ ಆಪರೇಷನ್ನಿಗಿಂತ ಇದೇ ದೊಡ್ಡ ಶಿಕ್ಷೆಯಾಯಿತು. ಕುಡಿಯುವ ನೀರಿಗೆ ತಾನೇ ಎದ್ದು ಹೋಗುತ್ತಿದ್ದಳು, ಹೋಗುವಾಗ ಯಾರನ್ನಾದರೂ ಬೈಯಲು ಹೊರಟವಳಂತೆ ಮುಖ ಗಂಟು ಹಾಕಿಕೊಂಡು. ಮೇಜನ್ನು ಏರಿಸುತ್ತಿದ್ದದ್ದು ಮ್ಯಾನೇಜರ್ ಊಟಕ್ಕೆ ಹೋದಾಗ ಮಾತ್ರ. ಅವನ ಹೆಜ್ಜೆಯ ಸದ್ದು ಮೆಟ್ಟಿಲ ಮೇಲೆ ಕೇಳಿದ್ದೇ ಬಟನ್ ಒತ್ತಿ ಇಳಿಸಿ, ಏನೂ ಆಗದವಳಂತೆ ಕೂತುಬಿಡುತ್ತಿದ್ದಳು. ಬಿಲ್ಲಣ್ಣ ಇದನ್ನು ನೋಡಿ ನೋಡಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದ.

ಒಂದು ದಿನ ಮ್ಯಾನೇಜರ್ ಏನೋ ಮರೆತು ಬೇಗ ವಾಪಸು ಬಂದ. ಅವಳು ಮೇಜನ್ನು ಎದೆಯ ಮಟ್ಟಕ್ಕೆ ಏರಿಸಿಕೊಂಡು, ಎರಡೂ ಪಾದಗಳನ್ನು ಊರಿ ನಿಂತು, ಫೋನಿನಲ್ಲಿ ಯಾರನ್ನೋ ಗದರುತ್ತಿದ್ದಳು. ಇಬ್ಬರ ಕಣ್ಣೂ ಕೂಡಿದವು. ಅವನ ತುಟಿಯಂಚಿನಲ್ಲಿ ಏನೋ ಅಲುಗಿತು, ನಗುವೇ ಇರಬೇಕು. ಬಾಯಿ ತೆರೆದ.

ಅವಳು ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಒಂದೇ ಒಂದು ಮಾತು ಆಡಿದ್ರೆ ನೋಡಿ."

ಅವನು ತೆರೆದ ಬಾಯನ್ನು ಹಾಗೇ ಮುಚ್ಚಿ, ಕೋಣೆಗೆ ಹೋಗಿ ಕದ ಹಾಕಿಕೊಂಡ. ಮೇಜನ್ನು ಇಳಿಸಲೇ ಎಂದು ಅವಳ ಬೆರಳು ಬಟನ್ನಿನ ಹತ್ತಿರ ಹೋಯಿತು. ಕಾಲು ಹಗುರವಾಗಿಯೇ ಇತ್ತು, ಇನ್ನೂ ಸ್ವಲ್ಪ ಹೊತ್ತು ನಿಲ್ಲಬಹುದಿತ್ತು. ಅವನಿಗೋಸ್ಕರ ಕೂರುವುದೂ ಅವನಿಗೋಸ್ಕರ ನಿಂತಷ್ಟೇ ಅವಮಾನ ಎನಿಸಿತು. ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಅಂಗೈ ಸರಿಸಿ, "ಹಾಂ, ಹೇಳಿ ಸ್ವಾಮಿ, ಏನಂತ ಕೂಗಾಡ್ತಿದ್ರಿ?" ಎಂದಳು. ಆ ದನಿ ಕೇಳಿ ಆ ಕಡೆಯ ಗಿರಾಕಿ, ತಪ್ಪೆಲ್ಲ ತನ್ನದೇ ಎನ್ನುವ ಹಾಗೆ, ತನ್ನ ಫ್ರಿಜ್ಜಿನ ವಿಷಯವನ್ನು ಮೊದಲಿನಿಂದ ಮೆಲ್ಲಗೆ ಹೇಳತೊಡಗಿದ.